ಪ್ರಶ್ನೆಯಲ್ಲಿ ಬೀಗದ ಕೈ ಎಲ್ಲಿದೆ?

ಮನೆ, ಕಿಟಕಿ ಪಕ್ಕದ ಮೇಜು
ಶನಿವಾರ, ತಾರೀಖು ಹನ್ನೆರಡು, ಮಧ್ಯಾಹ್ನ

ಪ್ರೀತಿಯ ಯಜಮಾನರೇ,

ಹೇಗಿದ್ದೀರಿ? ಬೆನ್ನು ಹೇಗಿದೆ? ಹೋದ ಸಲದ ಕಾಗದದಲ್ಲಿ ‘ಈಗ ಪರವಾಗಿಲ್ಲ’ ಎಂದು ಬರೆದಿದ್ದಿರಿ. ನಿಮ್ಮ ‘ಪರವಾಗಿಲ್ಲ’ದ ಅರ್ಥ ನನಗೆ ಗೊತ್ತಿಲ್ಲವೇ? ಏಳಬೇಕಾದರೆ ಗೋಡೆ ಹಿಡಿಯಬೇಕು, ಹಿಡಿದರೆ ಏಳಲಾಗುತ್ತದೆ, ಅಷ್ಟೇ ಅದರ ಅರ್ಥ. ಹಡಗಿನ ಎಂಜಿನ್ ರೂಮಿನ ಕಾವಿನಿಂದ ಮೇಲೆ ಬಂದವರು ಒದ್ದೆ ಬನಿಯನ್ನಿನಲ್ಲೇ ಗಾಳಿಗೆ ನಿಲ್ಲಬೇಡಿ. ಬಿಸಿನೀರಿನ ಚೀಲ ಕಟ್ಟಿ ಕಳಿಸಿದ್ದೆನಲ್ಲ, ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿದ್ದೀರೋ ಇಲ್ಲವೋ? ತೆಗೆದಿಲ್ಲ ಎಂದು ಬರೆಯಲು ನಾಚಿಕೆಯಾದರೆ ಮೊದಲು ತೆಗೆದು ಆಮೇಲೆ ಬರೆಯಿರಿ. ವಾರ್ಡಿನಲ್ಲಿ ಮೂವತ್ತು ಜನರ ಬೆನ್ನು ನೋಡಿಕೊಳ್ಳುವ ನರ್ಸಿಗೆ ಸ್ವಂತ ಗಂಡನ ಬೆನ್ನು ಮಾತ್ರ ಕೈಗೆ ಸಿಗುವುದಿಲ್ಲ.

ಇಲ್ಲಿ ನಿಮ್ಮ ಮಗಳು ಗುಬ್ಬಿ ಚೆನ್ನಾಗಿದ್ದಾಳೆ. ಬಿದ್ದಿದ್ದ ಮುಂದಿನ ಎರಡು ಹಲ್ಲು ಮತ್ತೆ ಬಂದಿವೆ, ಮಾತು ಮೊದಲೇ ಇತ್ತು. ಅತ್ತೆಯೂ ಚೆನ್ನಾಗಿದ್ದಾರೆ ಎಂದು ಬರೆಯಲು ಅತ್ತೆ ಮೊದಲೇ ಹೇಳಿಟ್ಟಿದ್ದಾರೆ. ನಾನು ಚೆನ್ನಾಗಿಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಡುನೀರಿನಲ್ಲಿ ನಿಮ್ಮ ಫೋನು ಸಿಕ್ಕುವುದೇ ಅಪರೂಪ. ಸಿಕ್ಕರೂ ನಾನು ಮುಖ್ಯ ವಿಷಯಕ್ಕೆ ಬರುವ ಹೊತ್ತಿಗೆ ಸರಿಯಾಗಿ ನಿಮಗೆ ‘ಹಲೋ, ಹಲೋ, ಕೇಳಿಸ್ತಿಲ್ಲ ಕಣೇ’ ಶುರುವಾಗುತ್ತದೆ. ಕಾಗದಕ್ಕೆ ಆ ರೋಗ ಇಲ್ಲ. ಕಂಪನಿಯ ಏಜೆಂಟರ ಆಫೀಸಿನಿಂದ ಟಪಾಲು ಚೀಲ ಸೋಮವಾರ ಬೆಳಿಗ್ಗೆ ಹೊರಡುತ್ತದಂತೆ. ಅದು ತಪ್ಪಿದರೆ ಮುಂದಿನ ಚೀಲ ನಿಮ್ಮ ಕೈ ಸೇರುವುದರೊಳಗೆ ನೀವು ಬಂದರು ಮುಟ್ಟಿ, ಹೊಸ ಕರಾರಿಗೆ ಸಹಿ ಹಾಕಿ, ಚಹಾ ಕುಡಿದು ಮಲಗಿರುತ್ತೀರಿ. ಆದ್ದರಿಂದ ಈಗ ಬರೆಯುತ್ತಿದ್ದೇನೆ. ಹಾಕುವುದೋ ಬೇಡವೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ನಿಮ್ಮ ಕಾಗದ ನನ್ನ ಎದುರಿಗೇ ಇದೆ. ‘ಇನ್ನೂ ಎರಡು ವರ್ಷದ ಕರಾರು ಕೊಡ್ತಿದ್ದಾರೆ, ಬಂದರಿಗೆ ಹೋದ ದಿನವೇ ಸಹಿ ಹಾಕಿಬಿಡ್ತೀನಿ. ನಿನ್ನ ಪರೀಕ್ಷೆ ಹೇಗೂ ಗ್ಯಾರಂಟಿ ಇಲ್ಲವಲ್ಲ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದು ಯಾಕೆ? ಮನೆಗೆ ಅಮ್ಮ ಇದ್ದಾಳೆ, ಇನ್ನೇನು ಚಿಂತೆ’ ಎಂದಿದ್ದೀರಿ. ಒಟ್ಟು ಮೂರು ಮಾತು. ಮೂರನ್ನೂ ಓದಿ ನಾನು ಎದ್ದು ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಗ್ಯಾರಂಟಿ ಇಲ್ಲ ಎನ್ನುವುದು ನನಗೂ ಗೊತ್ತು. ಹೋದ ವರ್ಷ ಉಳಿದೆಲ್ಲ ಭಾಗದಲ್ಲಿ ಮುಂದಿದ್ದು ಗಣಿತದಲ್ಲಿ ಎರಡೇ ಎರಡು ಅಂಕದಿಂದ ಬಿದ್ದವಳು ನಾನು. ನಲವತ್ತರಲ್ಲಿ ಇಪ್ಪತ್ತು ಬರಬೇಕಿತ್ತು, ಹದಿನೆಂಟು ಬಂತು. ನಮ್ಮ ಆಸ್ಪತ್ರೆಯ ನಿಯಮ ನಿಮಗೆ ನೆನಪಿದೆಯಲ್ಲ? ಇಷ್ಟು ವರ್ಷ ಸೇವೆ ಮಾಡಿದವರಿಗೆ ಪ್ರತಿ ಭಾಗದಲ್ಲೂ ಅರ್ಧ ಅಂಕ ಬಂದರೆ ತರಬೇತಿ ಕಾಲೇಜಿನ ಸೀಟು ಖಾಯಂ. ಒಂದು ವರ್ಷ ಪರಊರಿನ ಹಾಸ್ಟೆಲಿನಲ್ಲಿದ್ದು ಓದಿ ಬಂದರೆ ಮೇಲ್ವಿಚಾರಕಿ. ಆದರೆ ನಲವತ್ತು ತುಂಬಿದವರಿಗೆ ಬಾಗಿಲು ಮುಚ್ಚಿತು. ನನಗೆ ನಲವತ್ತು ಯಾವಾಗ ತುಂಬುತ್ತದೆ ಎಂಬುದು ನಿಮಗೆ ಗೊತ್ತಿರಬೇಕು, ಪ್ರತಿ ವರ್ಷ ಮರೆಯುವ ದಿನವೇ ಅದು. ಹಾಗಾಗಿ ನಾಳೆಯದೇ ಕೊನೆಯದು.

ಸೂಜಿ ಚುಚ್ಚುವವಳಿಗೆ ಚೀಲದೊಳಗಿನ ಕೆಂಪು ಗೋಲಿ, ನೀಲಿ ಗೋಲಿ ಲೆಕ್ಕ ಏಕೆ ಬೇಕೋ ದೇವರಿಗೇ ಗೊತ್ತು. ಶೇಕಡಾವಾರು, ವೇಗ, ನಲ್ಲಿಯಿಂದ ತೊಟ್ಟಿ ತುಂಬುವುದು, ಇವೆಲ್ಲ ನನಗೆ ಬರುತ್ತವೆ. ಔಷಧಿಯ ಪ್ರಮಾಣ ದಿನಾ ಲೆಕ್ಕ ಹಾಕುವುದಿಲ್ಲವೇ? ನನ್ನನ್ನು ಮುಳುಗಿಸುವುದು ಆಯ್ಕೆಯ ಲೆಕ್ಕ. ಇಷ್ಟು ಜನರಲ್ಲಿ ಇಷ್ಟು ಜನರನ್ನು ಎಷ್ಟು ರೀತಿಯಲ್ಲಿ ಆರಿಸಬಹುದು ಎಂದು ಕೇಳುತ್ತಾರಲ್ಲ, ಅದು. ಅದಕ್ಕೇ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪಾಠ ಹೇಳುವ ಮೇಷ್ಟ್ರ ಹತ್ತಿರ ಸೇರಿಕೊಂಡೆ. ಕೆಳಗೆ ಸುತ್ತಿಗೆ ಟಣ್ ಟಣ್, ಮೇಲೆ ಮೇಷ್ಟ್ರ ಸೀಮೆಸುಣ್ಣ ಟಕ್ ಟಕ್. ನನ್ನ ಜೊತೆ ಕೂರುವವರೆಲ್ಲ ಇಪ್ಪತ್ತು, ಇಪ್ಪತ್ತೆರಡರ ಹುಡುಗ ಹುಡುಗಿಯರು. ಮೊದಲ ದಿನ ನಾನು ಒಳಗೆ ಹೋದಾಗ ಮೇಷ್ಟ್ರ ಹೆಂಡತಿ ಇರಬೇಕೆಂದು ಎಲ್ಲರೂ ಎದ್ದು ನಿಂತರು. ಹಿಂದಿನ ಬೆಂಚಿನಲ್ಲಿ ಹೋಗಿ ಕೂತ ಮೇಲೆ ಅವರಿಗೆ ನಗು, ನನಗೆ ಬೆವರು.

ಆ ದಿನ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ, ‘ಆರು ಜನರಲ್ಲಿ ಇಬ್ಬರನ್ನು ಎಷ್ಟು ರೀತಿಯಲ್ಲಿ ಆರಿಸಬಹುದು?’ ನಾನು ಥಟ್ಟನೆ ಮೂವತ್ತು ಎಂದೆ. ವಾರ್ಡಿನಲ್ಲಿ ಆರು ಜನ ನರ್ಸುಗಳು, ರಾತ್ರಿ ಪಾಳಿಗೆ ಇಬ್ಬರು, ಡ್ಯೂಟಿ ಚಾರ್ಟು ಹಾಕುವವಳು ನಾನು. ಮೊದಲ ಹೆಸರಿಗೆ ಆರು ದಾರಿ, ಎರಡನೆಯದಕ್ಕೆ ಐದು, ಆರೈದಲೆ ಮೂವತ್ತು. ಮುಂದಿನ ಬೆಂಚಿನವರೆಲ್ಲ ಒಟ್ಟಿಗೆ ಹದಿನೈದು ಎಂದು ಕೂಗಿದರು. ನಾನು ಬಿಡಲಿಲ್ಲ. ನಿಮಗೆ ಗೊತ್ತಲ್ಲ ನನ್ನ ಬಾಯಿ. ‘ಹೇಗೆ ಹದಿನೈದಾಗುತ್ತೆ ಸಾರ್? ಚಾರ್ಟಿನಲ್ಲಿ ಯಾರ ಹೆಸರು ಮೊದಲು ಬರುತ್ತೋ ಅವರ ಕೈಲಿ ಔಷಧಿ ಬೀರುವಿನ ಬೀಗದ ಕೈ. ಅವರು ಹೇಳಿದ ಹಾಗೆ ಇನ್ನೊಬ್ಬರು ಕೇಳಬೇಕು. ಹೆಸರು ಹಿಂದುಮುಂದಾದರೆ ಇಡೀ ರಾತ್ರಿಯೇ ಬೇರೆ’ ಎಂದೆ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, ‘ಸಿಸ್ಟರ್, ನಿಮ್ಮ ವಾರ್ಡಿನಲ್ಲಿ ಬೀಗದ ಕೈ ಇದೆ, ಒಪ್ಪಿದೆ. ಈ ಪ್ರಶ್ನೆಯಲ್ಲಿ ಬೀಗದ ಕೈ ಎಲ್ಲಿದೆ?’ ಎಂದು ಕೇಳಿದರು. ಕೋಣೆಯೆಲ್ಲ ಗೊಳ್ಳೆಂದಿತು. ಅಂದಿನಿಂದ ಅಲ್ಲಿ ನನ್ನ ಹೆಸರು ಬೀಗದ ಕೈ ಸಿಸ್ಟರ್.

ನೀವು ನಗುತ್ತೀರಿ ಎಂದು ಗೊತ್ತು, ನಕ್ಕುಬಿಡಿ. ಆದರೆ ಆ ತಪ್ಪು ನನ್ನ ಕೈ ಬಿಡಲೇ ಇಲ್ಲ. ಹೋದ ವರ್ಷದ ಪರೀಕ್ಷೆಯಲ್ಲೂ ಇದೇ ನನ್ನ ಕಾಲು ಹಿಡಿದು ಎಳೆದದ್ದು ಎಂದು ಈಗ ಅರ್ಥವಾಯಿತು. ಇಬ್ಬರ ಜೋಡಿ ಎಂದರೆ ಸಾಕು, ತಲೆಯೊಳಗೆ ಒಬ್ಬರು ಮೊದಲು ನಿಲ್ಲುತ್ತಾರೆ, ಇನ್ನೊಬ್ಬರು ಹಿಂದೆ. ಹೆಸರುಗಳನ್ನು ಸುಮ್ಮನೆ ಅಕ್ಕಪಕ್ಕ ನಿಲ್ಲಿಸಲು ಬರುವುದೇ ಇಲ್ಲ. ಒಂದು ದಿನ ಮಾತ್ರ ನನ್ನ ರೋಗವೇ ನನಗೆ ಔಷಧಿಯಾಯಿತು. ‘ಆರು ಜನರಲ್ಲಿ ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ’ ಎಂದು ಕೇಳಿದರು. ಮುಂದಿನ ಬೆಂಚು ರೂಢಿಯಂತೆ ಹದಿನೈದು ಎಂದಿತು. ನಾನೊಬ್ಬಳೇ ಮೂವತ್ತು. ‘ಇಲ್ಲಿ ಬೀಗದ ಕೈ ಇದೆ ಸಾರ್’ ಎಂದೆ. ಮೇಷ್ಟ್ರು ಮೇಜು ಕುಟ್ಟಿ ನಕ್ಕರು. ಅಧ್ಯಕ್ಷ ಯಾರು, ಕಾರ್ಯದರ್ಶಿ ಯಾರು ಎಂದು ಕೇಳಿದ ಮೇಲೆ ಹಿಂದುಮುಂದಿಗೆ ಬೆಲೆ ಬರುತ್ತದೆ. ಸುಮ್ಮನೆ ಇಬ್ಬರು ಬೇಕು ಎಂದರೆ ನಾನು-ನೀವು, ನೀವು-ನಾನು ಎರಡೂ ಒಂದೇ ಜೋಡಿ. ‘ಉತ್ತರಕ್ಕೆ ಓಡಬೇಡಿ, ಪ್ರಶ್ನೆ ಏನು ಕೇಳ್ತಿದೆ ನೋಡಿ’ ಎನ್ನುವುದು ಮೇಷ್ಟ್ರ ತಾರಕ ಮಂತ್ರ. ನಮ್ಮ ಮದುವೆಯಾಗಿ ಹದಿಮೂರು ವರ್ಷವಾಯಿತು, ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಅದಾದ ಮೇಲೆ ಬಂದದ್ದು ‘ಕನಿಷ್ಠ ಒಬ್ಬರು’ ಎಂಬ ಮಾರಿ. ಐದು ನರ್ಸು, ನಾಲ್ಕು ಡಾಕ್ಟರು, ಒಟ್ಟು ಒಂಬತ್ತು ಜನ. ಮೂವರ ತಂಡ ಮಾಡಿ, ಕನಿಷ್ಠ ಒಬ್ಬ ಡಾಕ್ಟರಾದರೂ ಇರಬೇಕು. ನಾನು ಏನು ಮಾಡಿದೆ ಗೊತ್ತೇ? ಮೊದಲು ಒಬ್ಬ ಡಾಕ್ಟರನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದೆ, ಅದಕ್ಕೆ ನಾಲ್ಕು ದಾರಿ. ಉಳಿದ ಎಂಟರಲ್ಲಿ ಯಾರಾದರೂ ಇಬ್ಬರು, ಅದಕ್ಕೆ ಇಪ್ಪತ್ತೆಂಟು. ಗುಣಿಸಿದರೆ ನೂರಹನ್ನೆರಡು. ಹೆಮ್ಮೆಯಿಂದ ತೋರಿಸಿದೆ. ಮೇಷ್ಟ್ರು, ‘ಯಾವ ಷರತ್ತೂ ಇಲ್ಲದೆ ಒಂಬತ್ತರಲ್ಲಿ ಮೂವರನ್ನು ಆರಿಸಿದರೇ ಎಂಬತ್ತನಾಲ್ಕು. ನಿಮಗೆ ನೂರಹನ್ನೆರಡು ಎಲ್ಲಿಂದ ಬಂತಮ್ಮಾ, ಪಕ್ಕದ ಆಸ್ಪತ್ರೆಯಿಂದ ಕರೆಸಿದ್ರಾ?’ ಎಂದರು. ಕನ್ನಡಕದ ಡಾಕ್ಟರನ್ನು ಮೊದಲು ಕೂರಿಸಿ ಬೋಳುತಲೆಯವರನ್ನು ಆಮೇಲೆ ಕರೆದರೂ ಅದೇ ತಂಡ, ಬೋಳುತಲೆಯವರನ್ನು ಮೊದಲು ಕೂರಿಸಿದರೂ ಅದೇ ತಂಡ. ನಾನು ಅದನ್ನು ಎರಡು ಸಲ ಎಣಿಸಿದ್ದೆ. ಮತ್ತೆ ಅದೇ ಮೊದಲ ಹೆಸರಿನ ಚಪಲ! ಸುಲಭದ ದಾರಿ ತಲೆಕೆಳಗಿನದು. ನಮಗೆ ಬೇಡದ್ದು ಯಾವುದು? ಡಾಕ್ಟರೇ ಇಲ್ಲದ ತಂಡ. ಅದು ಐದು ನರ್ಸುಗಳಲ್ಲಿ ಮೂವರು, ಹತ್ತು ರೀತಿ. ಎಂಬತ್ತನಾಲ್ಕರಲ್ಲಿ ಹತ್ತು ಕಳೆದರೆ ಎಪ್ಪತ್ತನಾಲ್ಕು, ಮುಗಿಯಿತು. ‘ಬೇಕಾದ್ದನ್ನ ಎಣಿಸೋಕೆ ಹೋಗಿ ಸುಸ್ತಾಗಬೇಡಿ. ಬೇಡದ್ದನ್ನ ಹಿಡಿದು ಆಚೆಗೆ ಹಾಕಿ’ ಎಂದರು. ನನ್ನ ಬುದ್ಧಿಗೆ ಒಪ್ಪಿತು. ಆದರೆ ಗಡಿಯಾರ ಎದುರಿಗಿದ್ದರೆ ಕೈ ಹಳೆಯ ದಾರಿಗೇ ಹೋಗುತ್ತದೆ, ಅದೇ ನನ್ನ ಭಯ.

ಇನ್ನು ಬುಧವಾರದ ವಿಷಯ. ಇದನ್ನು ನಿಮಗೆ ಬರೆಯಬಾರದೆಂದು ಅತ್ತೆ ಕಟ್ಟಪ್ಪಣೆ ಮಾಡಿದ್ದಾರೆ. ಈ ಕಾಗದ ಚೀಲ ಸೇರುತ್ತದೋ ಇಲ್ಲವೋ ಎಂದದ್ದು ಅದಕ್ಕೇ. ಬುಧವಾರ ಮಧ್ಯಾಹ್ನ ಮೇಷ್ಟ್ರು ಗಡಿಯಾರ ಇಟ್ಟು ಮಾದರಿ ಪರೀಕ್ಷೆ ಮಾಡಿಸುತ್ತಿದ್ದರು. ಫೋನು ಚೀಲದಲ್ಲಿ ಗುರ್ರ್ ಎನ್ನುತ್ತಲೇ ಇತ್ತು, ನಾನು ನೋಡಲಿಲ್ಲ. ಕೊನೆಗೆ ಪಕ್ಕದ ಹುಡುಗಿಯೇ, ‘ಆಂಟಿ, ಬಿಡದೆ ಬರ್ತಿದೆ’ ಎಂದಳು. ತೆಗೆದರೆ ಪಕ್ಕದ ಮನೆಯ ದರ್ಜಿ ಅಕ್ಕ. ‘ಗಾಬರಿಯಾಗಬೇಡ, ಎಲ್ಲರೂ ಸರಿಯಾಗಿದ್ದಾರೆ, ಬೇಗ ಬಾ’ ಎಂದರು. ಗಾಬರಿಯಾಗಬೇಡ ಎಂದು ನಾನು ದಿನಕ್ಕೆ ಹತ್ತು ಜನರಿಗೆ ಹೇಳುತ್ತೇನೆ. ಅದನ್ನು ಯಾವಾಗ ಹೇಳುತ್ತಾರೆಂದು ನನಗೆ ಗೊತ್ತಿಲ್ಲವೇ? ಚಪ್ಪಲಿ ಎಡಬಲ ನೋಡದೆ ಮೆಟ್ಟಿಕೊಂಡು ಓಡಿದೆ.

ಅತ್ತೆ ಹಾಲು ಒಲೆಯ ಮೇಲಿಟ್ಟು, ಒಳಗಿನಿಂದ ಚಿಲಕ ಹಾಕಿಕೊಂಡು, ಒಂದು ಗಳಿಗೆ ಎಂದು ಮಲಗಿದ್ದಾರೆ. ಹಾಲು ಉಕ್ಕಿ, ಬತ್ತಿ, ಪಾತ್ರೆ ಸೀದು, ಪಕ್ಕದಲ್ಲಿದ್ದ ಕೈಬಟ್ಟೆಗೆ ಹತ್ತಿಕೊಂಡಿದೆ. ಗುಬ್ಬಿ ಶಾಲೆಯಿಂದ ಬಂದು ಬಾಗಿಲು ಬಡಿದಿದ್ದಾಳೆ. ಈಗ ಅತ್ತೆಗೆ ಬಲಗಿವಿ ಕೇಳುವುದೇ ಇಲ್ಲ, ಎಡಗಿವಿ ತಲೆದಿಂಬಿನಲ್ಲಿ. ಬಾಗಿಲ ಕೆಳಗಿನಿಂದ ಹೊಗೆ ಬಂದಾಗ ಮಗು ಕಿರುಚಿದೆ. ದರ್ಜಿ ಅಕ್ಕ ಹೊಲಿಗೆ ಯಂತ್ರ ಬಿಟ್ಟು ಓಡಿಬಂದು, ಅಡುಗೆಮನೆ ಕಿಟಕಿಯ ಗಾಜು ಒಡೆದು, ಕೈ ಒಳಗೆ ಹಾಕಿ ಒಲೆ ಆರಿಸಿ, ಬಕೆಟ್ಟಿನ ನೀರು ಎರಚಿದ್ದಾರೆ. ನಾನು ಬಂದಾಗ ಗುಬ್ಬಿ ಮೆಟ್ಟಿಲ ಮೇಲೆ ಬೆನ್ನಿನ ಚೀಲ ಕೂಡ ಇಳಿಸದೆ ಕೂತಿದ್ದಳು. ನನ್ನನ್ನು ನೋಡಿ ಅಳಲಿಲ್ಲ. ‘ಅಮ್ಮಾ, ಅಜ್ಜಿ ಎದ್ದಳು’ ಎಂದಷ್ಟೇ ಹೇಳಿದಳು. ಅತ್ತೆ ಕೆಮ್ಮುತ್ತಾ ಬಾಗಿಲಲ್ಲಿ ನಿಂತು, ‘ಹಾಲು ಉಕ್ಕಿದ್ದಕ್ಕೆ ಬೀದಿಯೆಲ್ಲ ಸೇರಿಸಿದೀರಲ್ಲ!’ ಎಂದು ಎಲ್ಲರನ್ನೂ ಗದರುತ್ತಿದ್ದರು. ಕೈಗಳನ್ನು ಮಾತ್ರ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದರು.

ನಾನು ಗಾಜು ಗುಡಿಸಿದೆ, ಪಾತ್ರೆ ಎಸೆದೆ, ಗೋಡೆಯ ಮಸಿ ಉಜ್ಜಿದೆ. ಸಂಜೆ ಅತ್ತೆ ನನ್ನ ಹಿಂದೆ ಬಂದು ನಿಂತು, ‘ಅವನಿಗೆ ಬರೀಬೇಡ. ನಡುನೀರಲ್ಲಿ ಕೂತು ಒದ್ದಾಡ್ತಾನೆ’ ಎಂದರು. ಆಮೇಲೆ ಮೂರು ದಿನವಾಯಿತು, ಅವರು ಒಲೆ ಮುಟ್ಟಿಲ್ಲ. ಅಡುಗೆಮನೆಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂರುತ್ತಾರೆ. ಚಹಾ ಕೊಟ್ಟರೆ ಕುಡಿಯುತ್ತಾರೆ, ಲೋಟವನ್ನು ತೊಳೆದೇ ಇಡುತ್ತಾರೆ, ಮಾತಿಲ್ಲ. ನನ್ನ ಅಡುಗೆಯಲ್ಲಿ ಉಪ್ಪು ಹೆಚ್ಚಾಯಿತು ಎಂದು ಒಂದು ಸಲವಾದರೂ ಬೈಯಲಿ ಎಂದು ಬೇಕೆಂದೇ ನಿನ್ನೆ ಒಂದು ಚಮಚ ಹೆಚ್ಚು ಹಾಕಿದೆ. ಸುಮ್ಮನೆ ತಿಂದು ಎದ್ದುಹೋದರು. ನಿಮ್ಮನ್ನು ಬೆಳೆಸಿ, ನನ್ನನ್ನು ಪಾಳಿಗೆ ಕಳಿಸಿ, ಗುಬ್ಬಿಯನ್ನು ಎತ್ತಿ ಆಡಿಸಿದ ಕೈ ಅದು. ಅದರ ಮೇಲೆ ನನಗೆ ಸಿಟ್ಟಿಲ್ಲ. ಭಯವಿದೆ, ಅಷ್ಟೇ. ಇದು ಒಂದೇ ಸಲವೂ ಅಲ್ಲ. ಹೋದ ತಿಂಗಳು ನಲ್ಲಿ ಬಿಟ್ಟು ಮಲಗಿ ನೀರು ಮೆಟ್ಟಿಲಿಳಿದಿತ್ತು. ಆಗ ನಕ್ಕು ಸುಮ್ಮನಾಗಿದ್ದೆವು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬನ್ನಿ. ಹಿಂದುಮುಂದು ಬಿಡಿ, ಬೀಗದ ಕೈ ಬಿಡಿ, ನಿಮ್ಮ ಸಂಬಳ ಮೊದಲೋ ನನ್ನ ಸೀಟು ಮೊದಲೋ ಅದನ್ನೂ ಬಿಡಿ. ಪ್ರಶ್ನೆ ಏನು ಕೇಳುತ್ತಿದೆ? ಗುಬ್ಬಿ ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲು ತೆಗೆಯಲು ಕನಿಷ್ಠ ಒಬ್ಬರು ಮನೆಯಲ್ಲಿರಬೇಕು ಎಂದು ಕೇಳುತ್ತಿದೆ. ನೀವು ಆ ಒಬ್ಬರ ಜಾಗದಲ್ಲಿ ಅಮ್ಮನನ್ನು ಕೂರಿಸಿ ನೆಮ್ಮದಿಯಾಗಿದ್ದೀರಿ. ನಾನೂ ಹಾಗೇ ಇದ್ದೆ. ಬುಧವಾರದ ಮೇಲೆ ಹಾಗೆ ಕೂರಿಸಲು ನನಗೆ ಧೈರ್ಯವಿಲ್ಲ. ಉಳಿದವರು ಇಬ್ಬರು. ಇಬ್ಬರಿಗೆ ನಾಲ್ಕೇ ದಾರಿ. ಇಬ್ಬರೂ ಮನೆಯಲ್ಲಿ, ಅದು ನಿಮ್ಮ ರಜೆ, ಬಂದದ್ದೂ ತಿಳಿಯುವುದಿಲ್ಲ ಹೋದದ್ದೂ ತಿಳಿಯುವುದಿಲ್ಲ. ನಾನು ಮನೆಯಲ್ಲಿ, ನೀವು ಹೊರಗೆ, ಅದು ಇಷ್ಟು ವರ್ಷದ ನಮ್ಮ ಬಾಳು. ಇಬ್ಬರೂ ಹೊರಗೆ, ಅದು ನಾಳೆ ನಾನು ಪಾಸಾಗಿ ನೀವು ಸಹಿ ಹಾಕಿದರೆ ಆಗುವುದು. ಮೇಷ್ಟ್ರು ಹೇಳಿದ ಹಾಗೆ ಅದನ್ನು ಹಿಡಿದು ಆಚೆಗೆ ಹಾಕಿ. ಉಳಿಯುವುದು ಮೂರು. ಅದರಲ್ಲಿ ಒಂದನ್ನು ನಾವು ಯಾವತ್ತೂ ಎಣಿಸಿಯೇ ಇಲ್ಲ. ನೀವು ಮನೆಯಲ್ಲಿ, ನಾನು ಹೊರಗೆ. ಅದೂ ಒಂದು ದಾರಿ ಎನ್ನುವುದು ನಿಮ್ಮ ತಲೆಗೂ ಬಂದಿಲ್ಲ, ನಿಜ ಹೇಳುತ್ತೇನೆ, ಮೊನ್ನೆಯವರೆಗೆ ನನ್ನ ತಲೆಗೂ ಬಂದಿರಲಿಲ್ಲ. ಮೇಷ್ಟ್ರ ಬೋರ್ಡಿನ ಮೇಲೆ ನಾಲ್ಕು ಗೆರೆ ಎಳೆದು ನೋಡಿದ ಮೇಲೆ ಕಾಣಿಸಿತು.

ನೀವು ಇಳಿದು ಬಂದರೆ ಕೈ ಕಟ್ಟಿ ಕೂರಬೇಕಾಗಿಲ್ಲ. ನಮ್ಮ ಆಸ್ಪತ್ರೆಯ ಬಾಯ್ಲರ್ ರೂಮಿಗೆ ಬೆಳಗಿನ ಪಾಳಿಯ ಫಿಟ್ಟರ್ ಬೇಕಾಗಿದ್ದಾನೆ. ಹಬೆ, ಕೊಳವೆ, ಎಣ್ಣೆ ಮಸಿ ಎಲ್ಲಾ ಇದೆ, ನಿಮಗೆ ಬೇಜಾರಾಗುವುದಿಲ್ಲ. ಅಲೆ ಒಂದಿಲ್ಲ. ಗುಬ್ಬಿ ಶಾಲೆಯಿಂದ ಬರುವುದರೊಳಗೆ ಪಾಳಿ ಮುಗಿಯುತ್ತದೆ. ಸಂಬಳ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ವರ್ಷ ಹೇಗೋ ತೂಗಿಸಿದರೆ ಆಮೇಲೆ ನನ್ನದು ಏರುತ್ತದೆ. ನಾನು ಇದನ್ನು ಹೇಳುತ್ತಿರುವುದು ಅದಕ್ಕೂ ಅಲ್ಲ. ನನಗೆ ಆ ಕೆಲಸ ಬೇಕು. ಹದಿನೈದು ವರ್ಷ ಬೇರೆಯವರು ಬರೆದ ಚೀಟಿ ಓದಿ ಓಡಾಡಿದ್ದೇನೆ, ತಪ್ಪು ಕಂಡರೂ ‘ಸಾರ್, ಇನ್ನೊಂದು ಸಲ ನೋಡ್ತೀರಾ’ ಎಂದು ಹಲ್ಲು ಕಿರಿದಿದ್ದೇನೆ. ಹೊಸ ಹುಡುಗಿಯರಿಗೆ ನಾನು ಕಲಿಸಬೇಕು. ಬೇಕು ಎಂದು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು, ಬರೆಯುವಾಗಲೂ ಕೈ ತಡೆಯಿತು.

ಗುಬ್ಬಿ ಈಗ ಹಿಂದೆ ನಿಂತು ಇಣುಕುತ್ತಿದ್ದಾಳೆ. ಅಪ್ಪನಿಗೆ ಏನು ಬರೆಯಲಿ ಎಂದರೆ, ‘ಶಾಲೆ ಹತ್ತಿರ ಒಂದು ಸಲ ಬರ್ಲಿ, ನಮ್ಮಪ್ಪ ಸುಳ್ಳು ಅಂತ ಹೇಳ್ತಾರೆ ಎಲ್ಲರೂ’ ಎನ್ನುತ್ತಾಳೆ. ತರಗತಿಯಲ್ಲಿ ಯಾರೂ ನಿಮ್ಮನ್ನು ನೋಡಿಲ್ಲವಲ್ಲ, ಅದಕ್ಕೆ ಹಾಗೆ. ನಾಳೆ ನಾನು ಪರೀಕ್ಷೆಗೆ ಹೋದಾಗ ದರ್ಜಿ ಅಕ್ಕ ತಮ್ಮ ಹೊಲಿಗೆಯನ್ನು ಇಲ್ಲಿಗೇ ತಂದು ಕೂರುತ್ತೇನೆ ಎಂದಿದ್ದಾರೆ. ಅತ್ತೆಗೆ ಅದು ಇಷ್ಟವಿಲ್ಲ, ಕಾವಲು ಕೂರಿಸಿದ ಹಾಗೆ ಆಗುತ್ತದೆ. ಆದರೆ ಬೇಡ ಎಂದೂ ಹೇಳಲಿಲ್ಲ.

ಇನ್ನು ಸಾಕು. ಪೆನ್ಸಿಲ್ ಚೂಪು ಮಾಡಬೇಕು, ಇನ್ನೊಂದು ಸಲ ‘ಕನಿಷ್ಠ ಒಬ್ಬರು’ ಲೆಕ್ಕ ನೋಡಬೇಕು, ಸಮವಸ್ತ್ರಕ್ಕೆ ಇಸ್ತ್ರಿ ಹಾಕಬೇಕು. ನಾಳೆ ಮಧ್ಯಾಹ್ನ ಈ ಕಾಗದ ಹಾಕಿದರೆ ಅತ್ತೆಯ ಮಾತು ಮೀರಿದ ಹಾಗೆ, ಹಾಕದಿದ್ದರೆ ನಿಮ್ಮ ಸಹಿ ಬಿದ್ದ ಹಾಗೆ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ, ನಾನು ಬಿದ್ದರೆ ಹರಿದು ಹಾಕುತ್ತೇನೆ, ನೀವು ಏನೂ ತಿಳಿಯದೆ ಸಹಿ ಹಾಕಿಕೊಂಡು ಸುಖವಾಗಿರಿ. ಬೆನ್ನಿಗೆ ಬಿಸಿನೀರು ಮರೆಯಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯ ಆಶೀರ್ವಾದ, ಅವರು ಹೇಳದಿದ್ದರೂ ನಾನೇ ಸೇರಿಸಿದ್ದೇನೆ. ಗುಬ್ಬಿಯ ಎರಡು ಹೊಸ ಹಲ್ಲಿನ ಮುತ್ತು.

ಸಿಟ್ಟಿದ್ದರೂ ನಿಮ್ಮವಳೇ ಆದ,
ಬೀಗದ ಕೈ ಸಿಸ್ಟರ್

ಮರೆತ ಮಾತು: ಭಾನುವಾರ, ಏಜೆಂಟರ ಆಫೀಸಿನ ಬೆಂಚಿನ ಮೇಲೆ, ತೊಡೆಯ ಮೇಲೆ ಚೀಲ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಓದಿಕೊಳ್ಳಿ. ಕಾವಲುಗಾರ ಬಾಗಿಲು ಹಾಕಬೇಕು ಎಂದು ಎರಡು ಸಲ ಹೇಳಿ ಹೋದ. ಗಣಿತ ಇಪ್ಪತ್ತಮೂರು! ಉಳಿದವೆಲ್ಲ ಎಂದಿನಂತೆ ಪಾಸು. ಕಂಪ್ಯೂಟರಿನ ಪರದೆಯ ಮೇಲೆ ಅಲ್ಲೇ ತೋರಿಸಿದರು. ಇಪ್ಪತ್ತಮೂರೋ ಮೂವತ್ತೆರಡೋ ಎಂದು ಎರಡೆರಡು ಸಲ ನೋಡಿದೆ, ಯಾವುದಾದರೂ ಸಾಕಿತ್ತು. ಕೊನೆಯ ಪ್ರಶ್ನೆ ಏನು ಬಂದಿತ್ತು ಗೊತ್ತೇ? ನಾಲ್ಕು ಜನ ಅನುಭವಸ್ಥರು, ಮೂವರು ಹೊಸಬರು, ಮೂವರ ತಂಡ, ಕನಿಷ್ಠ ಒಬ್ಬ ಅನುಭವಸ್ಥ. ಕೈ ಎಂದಿನಂತೆ ಒಬ್ಬರನ್ನು ಮೊದಲು ಕೂರಿಸಲು ಹೊರಟಿತು. ಪೆನ್ಸಿಲ್ ಕೆಳಗಿಟ್ಟು ಕಣ್ಣು ಮುಚ್ಚಿದೆ. ಒಟ್ಟು ಮೂವತ್ತೈದು. ಬೇಡದ್ದು ಮೂವರೂ ಹೊಸಬರಾಗಿರುವ ತಂಡ, ಒಂದೇ ಒಂದು. ಮೂವತ್ತೈದರಲ್ಲಿ ಕಳೆಯಬೇಕಾದದ್ದು ಒಂದೇ ಒಂದು ರೀ! ಮೂವತ್ತನಾಲ್ಕು ಎಂದು ಒತ್ತಿದೆ, ಹೊತ್ತು ಮುಗಿಯಿತು.

ಬೆಳಿಗ್ಗೆ ಹೊರಡುವಾಗ ಅತ್ತೆ ಬಾಗಿಲವರೆಗೆ ಬಂದರು. ಬುಧವಾರದ ಮೇಲೆ ಇದೇ ಮೊದಲ ಮಾತು. ‘ಮೇಜಿನ ಮೇಲಿನ ಕಾಗದ ಗುಬ್ಬಿ ಕೈಲಿ ಓದಿಸಿದೆ’ ಎಂದರು. ನಾನು ಹೊಸ್ತಿಲಲ್ಲೇ ತಿರುಗಿ ನಿಂತೆ. ‘ಅದನ್ನ ಹಾಕು. ಜೊತೆಗೆ ನಾನು ಹೇಳಿದೆ ಅಂತ ಇದನ್ನೂ ಬರಿ. ಇನ್ನು ಮೇಲೆ ನನ್ನನ್ನ ಲೆಕ್ಕಕ್ಕೆ ಹಿಡೀಬೇಡ ಅಂತ ಅವನಿಗೆ ಹೇಳು.’ ಅಷ್ಟು ಹೇಳಿ, ನನ್ನ ಕಾಲರ್ ಮಡಿಕೆ ಸರಿಮಾಡಿ, ‘ಮೊನ್ನೆ ಉಪ್ಪು ಹೆಚ್ಚಾಗಿತ್ತು’ ಎಂದು ಒಳಗೆ ಹೋದರು. ನಾನು ಬಸ್ಸಿನಲ್ಲಿ ಅತ್ತುಬಿಟ್ಟೆ. ಅವರು ಅದನ್ನು ಹೇಳಲು ಎಷ್ಟು ಕಷ್ಟಪಟ್ಟಿರಬೇಕು ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೂಸು ಹುಟ್ಟಿದೆ, ಇನ್ನು ಕುಲಾವಿ ಹೊಲಿಯಬಹುದು. ಸಹಿ ಹಾಕಬೇಡಿ. ಮುಂದಿನ ತಿಂಗಳ ಮೊದಲ ಸೋಮವಾರ ನಾನು ಹಾಸ್ಟೆಲಿನಲ್ಲಿರಬೇಕು. ನೀವು ಬರುವ ದಿನವೇ ನಾನು ಹೊರಡಬೇಕಾಗಿ ಬಂದರೆ ಅತ್ತೆ, ಗುಬ್ಬಿ ಇಬ್ಬರೂ ದರ್ಜಿ ಅಕ್ಕನ ಮನೆಯಲ್ಲಿರುತ್ತಾರೆ. ಬೀಗದ ಕೈಯೂ ಅವರ ಹತ್ತಿರವೇ ಇರುತ್ತದೆ, ನೀವೇ ಹೋಗಿ ಇಸಿದುಕೊಳ್ಳಿ.